ಎತ್ತಿಟ್ಟ ಎರಡು ಚೀಲ

ಕಸ್ತೂರೆವ್ವನ ಯಕೃತ್ತಿನಲ್ಲಿ ಗಡ್ಡೆ. ತೆಗೆಯದಿದ್ದರೆ ಉಳಿಯುವುದಿಲ್ಲ. ತೆಗೆಯೋಣವೆಂದರೆ ಅವಳದು ಎಲ್ಲೂ ಸಿಗದ ಗುಂಪಿನ ರಕ್ತ. ನಾಲ್ಕು ಜಿಲ್ಲೆ ಜಾಲಾಡಿದರೂ ಒಂದು ಚೀಲ ಸಿಗಲಿಲ್ಲ.

"ಬ್ಯಾಡ್ರಿ ಸರ್. ಕೈಯಾರೆ ಕೊಂದಂಗ ಆಗ್ತದ," ಅಂದಳು ಡಾಕ್ಟರ್ ಪ್ರಫುಲ್ಲಾ. ಆಪರೇಶನ್ ಮಾಡಬೇಕಾದವಳು ಅವಳೇ.

ಅರಿವಳಿಕೆ ಕೊಡುವ ಚೌಗಲೆ ಡಾಕ್ಟರು ಅವಳಿಗೆ ಗುರು. ಮೂವತ್ತು ವರ್ಷ ರೋಗಿಗಳ ತಲೆದೆಸೆಯಲ್ಲೇ ಕೂತವರು. ಮಾತು ಬಲು ತುಟ್ಟಿ.

"ರಕ್ತ ಐತಲ್ಲ," ಅಂದರು. "ಆಕಿ ಮೈಯಾಗ."

ಆಪರೇಶನ್ ದಿನ ಬೆಳಿಗ್ಗೆ ಕಸ್ತೂರೆವ್ವನ ಒಂದು ತೋಳಿನಿಂದ ಎರಡು ಚೀಲ ರಕ್ತ ತೆಗೆದರು. ಇನ್ನೊಂದು ತೋಳಿಗೆ ಸಲೈನ್ ಹರಿಸಿದರು.

"ನಂದ ನನಗ ಕೊಡೂದಾದ್ರ ತಗೊಳ್ಳೂದ್ಯಾಕ್ರಿ ಯಪ್ಪಾ?" ಅಂದಳು ಕಸ್ತೂರೆವ್ವ.

"ಗಟ್ಟಿ ಮೊಸರು ಎತ್ತಿಟ್ಟು, ಉಳದಿದ್ದಕ್ಕ ನೀರು ಹಾಕ್ತೀಯಲ್ಲ ಬೇ, ಹಂಗ. ಚೆಲ್ಲಿದ್ರ ಮಜ್ಜಿಗಿ ಚೆಲ್ಲಲಿ," ಅಂದರು ಗುರು.

"ಹಂಗಾರ ತಗೋರಿ," ಅಂದು ಕಣ್ಣು ಮುಚ್ಚಿದಳು.

ಗಡ್ಡೆ ಅರ್ಧ ಬಿಡಿಸಿದಾಗ ಒಳಗೊಂದು ನಾಳ ಹರಿಯಿತು. ಅಯ್ಯೋ ಶಿವನೇ, ಕಣ್ಣು ಮಿಟುಕಿಸುವಷ್ಟರಲ್ಲಿ ಹೊಟ್ಟೆ ತುಂಬ ರಕ್ತ! ಪ್ರಫುಲ್ಲಾ ಗಾಯದ ಮೇಲೆ ಬೆರಳು ಒತ್ತಿ ಕೂಗಿದಳು.

"ಸರ್, ಚೀಲ ಹಾಕ್ರಿ!"

ಗುರು ಎರಡೂ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು.

"ಹಾಕ್ರಿ ಅಂದೆ! ಹೋಗ್ತಾಳ ಆಕಿ!"

"ಬಿ.ಪಿ. ಇನ್ನೂ ತಡದೈತಿ. ಅದನ್ನ ನಾ ನೋಡ್ಕೋತೀನಿ. ನಿನ್ನ ಬೆರಳು ಎಲ್ಲಿ ಐತಿ?"

"ಗಾಯದ ಮ್ಯಾಲ."

"ಕಣ್ಣು?"

ಪ್ರಫುಲ್ಲಾಳ ಕಣ್ಣು ಚೀಲದ ಮೇಲಿತ್ತು.

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಹಲ್ಲು ಕಚ್ಚಿ ತಲೆ ಬಗ್ಗಿಸಿದಳು. ಬೆರಳನ್ನು ಕೂದಲೆಳೆಯಷ್ಟು ಸರಿಸಿದಳು, ಒರೆಸಿದಳು, ಮತ್ತೆ ಸರಿಸಿದಳು. ಹರಿದ ಬಾಯಿ ಕಂಡಿತು. ಒಂದು ಹೊಲಿಗೆ. ಎರಡು. ಮೂರನೆಯದಕ್ಕೆ ರಕ್ತ ನಿಂತಿತು. ಒಂದು ತಾಸಿನಲ್ಲಿ ಗಡ್ಡೆಯೂ ಹೊರಗೆ ಬಂತು.

ಆಗ ಗುರು ಎದ್ದು ಮೊದಲ ಚೀಲ ತೂಗುಹಾಕಿದರು.

ಸಂಜೆ ಕಸ್ತೂರೆವ್ವ ಕಣ್ಣು ತೆರೆದು ನೀರು ಕೇಳಿದಳು. ಪ್ರಫುಲ್ಲಾ ಹೊರಗೆ ಬಂದು ಗುರುವಿನ ಎದುರು ನಿಂತಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನಾ ಕೇಳಿದಾಗನ ಕೊಟ್ಟಿದ್ರ ಏನಾಗ್ತಿತ್ರಿ ಸರ್?"

"ತನ್ನ ರಕ್ತಾನ ಆಕಿ ಎರಡು ಸಲ ಕಳಕೋತಿದ್ಲು."