ಮಸಿಯಲ್ಲಿ ಬಿಡಿಸಿದ ಪದಬಂಧ

ವಾಚನಾಲಯದ ಮೇಜಿನ ಮೇಲಿದ್ದ ಪತ್ರಿಕೆಯ ಪದಬಂಧವನ್ನು ಪೆನ್ನು ಎಲ್ಲರಿಗಿಂತ ಮೊದಲೇ ಹಿಡಿದು ಕೂತಿತ್ತು. ‘ನೀರಲ್ಲಿದ್ದರೂ ಒದ್ದೆಯಾಗದು, ಮೂರಕ್ಷರ’ ಎಂಬ ಸುಳಿವು ಕಂಡದ್ದೇ ತಡ, ಅಡ್ಡಸಾಲಿನಲ್ಲಿ ‘ತಾವರೆ’ ಎಂದು ಬರೆದುಬಿಟ್ಟಿತು.

ಪಕ್ಕದಲ್ಲಿದ್ದ ಪೆನ್ಸಿಲ್ಲು ಮೆಲ್ಲಗೆ, “ಸ್ವಾಮಿ, ಅದು ‘ನೆರಳು’ ಇರಬಹುದು. ನಡುವಿನ ಅಕ್ಷರದಿಂದ ಕೆಳಕ್ಕೆ ಸೂರ್ಯನ ಹೆಸರು ಬರಬೇಕು. ಅಲ್ಲಿ ‘ರ’ ಇದ್ದರೆ ‘ರವಿ’ ಆಗುತ್ತದೆ” ಎಂದಿತು.

ಪೆನ್ನಿಗೆ ಮೈಯೆಲ್ಲ ಉರಿದುಹೋಯಿತು. “ತಪ್ಪುವುದು ಖಾತ್ರಿಯೆಂದು ತಲೆಯ ಮೇಲೆ ರಬ್ಬರು ಹೊತ್ತು ತಿರುಗುವ ನೀನು ನನಗೆ ಬುದ್ಧಿ ಹೇಳುತ್ತೀಯಾ? ನಾನು ಬರೆದದ್ದನ್ನು ಈವರೆಗೆ ಯಾರೂ ಅಳಿಸಿಲ್ಲ.” ಹಾಗೆಂದು ತನ್ನ ‘ವ’ದ ಕೆಳಗೆ ‘ವಿ’ ಎಂದು ಒತ್ತಿ ಬರೆಯಿತು.

“ಸೂರ್ಯನನ್ನು ‘ವವಿ’ ಎಂದು ಯಾರು ಕರೆಯುತ್ತಾರೆ, ಸ್ವಾಮಿ?”

“ಕರೆಯದಿದ್ದರೆ ಅದು ಅವರ ಅಜ್ಞಾನ.”

ಮರುದಿನದ ಪತ್ರಿಕೆಯಲ್ಲಿ ಉತ್ತರ ಬಂತು: ನೆರಳು, ರವಿ. ಪೆನ್ನು ಎರಡೆರಡು ಸಲ ಓದಿತು. ಆಮೇಲೆ, “ಇಂಥ ಬೇಜವಾಬ್ದಾರಿ ಪತ್ರಿಕೆಯನ್ನು ನಂಬಿ ಓದುವವರ ಗತಿಯೇನು” ಎನ್ನುತ್ತ, ಅಚ್ಚಾದ ‘ರವಿ’ಗೆ ಅಡ್ಡಗೆರೆ ಎಳೆದು, ಅದರ ಮೇಲೆ ದಪ್ಪಕ್ಷರದಲ್ಲಿ ‘ವವಿ’ ಎಂದು ತಿದ್ದಿತು.