ಮೈಕಿನಲ್ಲಿ ಓದಿದ ಮುಯ್ಯಿ

ಮದುವೆಗಳಲ್ಲಿ ಯಾರು ಏನು ಮುಯ್ಯಿ ಮಾಡಿದರೆಂದು ಮೈಕಿನಲ್ಲಿ ಓದುವುದು ಮಹಾಲಿಂಗನ ಕಸುಬು. ಪುರಸಭೆ ಚುನಾವಣೆ ಬಂತು. ಲೇಔಟ್ ಮಾಲೀಕರ ಸಂಘದ ಪರಮೇಶಪ್ಪನವರು ಅಭ್ಯರ್ಥಿಗೆ ಜೀಪು, ಪೆಂಡಾಲು, ಬಾಡೂಟ ಎಲ್ಲ ಕೊಟ್ಟರು. ಗೆದ್ದರೆ ಸಂತೆ ಮೈದಾನ ಸಂಘಕ್ಕೆ ಎಂದು ಅವರಿಬ್ಬರೂ ಪಿಸುಗುಟ್ಟಿದ್ದು, ಮೈಕು ಕಟ್ಟುತ್ತಿದ್ದ ಮಹಾಲಿಂಗನ ಕಿವಿಗೆ ಬಿತ್ತು.

ಆ ಮೈದಾನದ ಹೊಂಗೆ ಮರದಡಿ ಅವನ ಹೆಂಡತಿ ತಾಯಮ್ಮ ಮೂವತ್ತು ವರ್ಷ ಬಳೆ ಮಾರಿದ್ದಳು. ಅವಳು ತೀರಿಕೊಂಡ ಮೇಲೂ ಅವನು ಸಂತೆಯ ದಿನ ಅಲ್ಲಿಗೆ ಹೋಗಿ ಕೂರುತ್ತಿದ್ದ.

"ನಾವು ಕೊಟ್ಟಿದ್ದನ್ನ ನಾಲ್ಕು ಜನಕ್ಕೆ ಕೇಳೋ ಹಾಗೆ ಓದಯ್ಯ," ಎಂದರು ಪರಮೇಶಪ್ಪ.

"ಮದುವೇಲಿ ಓದೋ ಹಾಗೇ ಓದ್ತೀನಿ, ಸ್ವಾಮಿ."

ಸಭೆಯಲ್ಲಿ ಓದಿದ. "ಸಂಘದವರ ಮುಯ್ಯಿ, ಒಂದು ಜೀಪು, ಒಂದು ಪೆಂಡಾಲು, ಮೂರು ಬಾಡೂಟ. ಮುಯ್ಯಿ ಅಂದಮೇಲೆ ತಿರುಗಿ ಮಾಡಬೇಕಲ್ಲ. ಗೆದ್ದಮೇಲೆ ನಮ್ಮ ಅಭ್ಯರ್ಥಿಯವರು ಸಂಘಕ್ಕೆ ಮಾಡೋ ಮುಯ್ಯಿ, ಸಂತೆ ಮೈದಾನ."

ಸಂತೆಯ ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತರು. ಅಭ್ಯರ್ಥಿ ಮೈಕು ಕಿತ್ತುಕೊಂಡು, "ಮೈದಾನ ಯಾರಿಗೂ ಕೊಡಲ್ಲ, ನನ್ನ ಮಕ್ಕಳಾಣೆ," ಎಂದು ಮೂರು ಸಲ ಹೇಳಿದ.

ಮುಂದಿನ ಸಂತೆಗೆ ಮಹಾಲಿಂಗ ಹೊಂಗೆಯಡಿ ಕೂತ. ಪಕ್ಕದಲ್ಲಿ ಬಳೆಬುಟ್ಟಿ ಇಡುವಷ್ಟು ಜಾಗ ಬಿಟ್ಟಿದ್ದ.

"ಮೂವತ್ತು ವರ್ಷ ನೀನು ಮಾಡಿದ್ದಕ್ಕೆ," ಎಂದು ಆ ಖಾಲಿ ಜಾಗಕ್ಕೆ ಮೆಲ್ಲಗೆ ಹೇಳಿದ, "ನನ್ನ ಮುಯ್ಯಿ ಇಷ್ಟೇ ಕಣೇ."