ನೆಲ ಕಾಣದ ಸಲಾಕೆ

“ಕೇಳ್ರಪ್ಪೋ ಕೇಳ್ರಿ! ದೊರೆಯ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಕೊಡಲಾಗುವುದು. ತಪ್ಪು ಹೇಳಿದವರ ತಲೆ ಹೋಗುವುದು. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ, ರಾಜಕುಮಾರಿಯ ಸಾವಿಗಾಗಿ ಮಿಸ್ತ್ರಿ ಯಮನೂರಪ್ಪನಿಗೆ ಗಲ್ಲು!” ಎಂದು ಊರೆಲ್ಲ ಡಂಗುರ ಸಾರಿದರು.

ದೊರೆಗಳ ಕಾಲದಲ್ಲಿ ಸೋಲಾರ್ ಎಲ್ಲಿತ್ತು ಎಂದು ಕೇಳಬೇಡಿ; ಕತೆಗೆ ಕಾಲಿಲ್ಲ. ಆ ಅರಮನೆಯ ಮಾಳಿಗೆಯ ಮೇಲೆ ಸೋಲಾರ್ ಹಲಗೆಗಳಿದ್ದವು, ಅಂಗಳದ ಗೋಡೆಗೆ ಇನ್ವರ್ಟರಿನ ಕಬ್ಬಿಣದ ಪೆಟ್ಟಿಗೆ, ಅಲ್ಲಿಂದ ಊರಿನ ಲೈನಿಗೆ ತಂತಿ. ಲೈನ್ ಕೂಡಿಸಿದ ಒಂಬತ್ತನೇ ದಿನ ರಾಜಕುಮಾರಿ ರತ್ನಮಾಲೆ ಪೆಟ್ಟಿಗೆಯ ಪಕ್ಕದ ಮಲ್ಲಿಗೆ ಕುಂಡಕ್ಕೆ ನೀರು ಹಾಕುತ್ತಿದ್ದವಳು ಅಲ್ಲೇ ಬಿದ್ದಳು, ಮತ್ತೆ ಏಳಲಿಲ್ಲ. ಪೆಟ್ಟಿಗೆ ಕೂಡಿಸಿದ್ದು ಯಮನೂರಪ್ಪ, ಹಾಗಾಗಿ ಅವನನ್ನು ಸೆರೆಗೆ ಹಾಕಿದರು. ಪೆಟ್ಟಿಗೆಯ ಜೊತೆ, ಅದನ್ನು ಹೇಗೆ ಕೂಡಿಸಬೇಕೆಂದು ಹೇಳುವ ಒಂದು ಪುಸ್ತಕವೂ ಬಂದಿತ್ತು. ದೊರೆ ಅದನ್ನು ಓದಿದ್ದು ಮಗಳು ಹೋದ ಮೇಲೆ. ಒಗಟುಗಳು ಹುಟ್ಟಿದ್ದು ಅಲ್ಲಿಂದಲೇ.

“ಉಪ್ಪು, ಇದ್ದಿಲು ತಿನ್ನುತ್ತಾನೆ, ಬೇಸಿಗೆಯಲ್ಲಿ ನೀರು ಕೇಳುತ್ತಾನೆ, ಹೂತ ಮೇಲೆಯೇ ಮನೆ ಕಾಯುತ್ತಾನೆ. ಯಾರು?” ದೊರೆ ಕೇಳಿದ.

“ಭೂತ” ಎಂದ ಆಸ್ಥಾನದ ಪಂಡಿತ. ಶಾಲು ಹೊದ್ದು ಬಂದವನ ತಲೆ ಹೋಯಿತು. “ಹುಣಸೆ ಮರ” ಎಂದ ಸರದಾರನದೂ ಹೋಯಿತು. ಆಮೇಲೆ ಯಾರೂ ಅರಮನೆಯ ದಿಕ್ಕಿಗೆ ತಲೆ ಹಾಕಲಿಲ್ಲ.

ಯಮನೂರಪ್ಪನ ಮಗ ಗಾಳೆಪ್ಪ ಗುಂಡಿ ತೋಡುವವನು. ಅಮಾವಾಸ್ಯೆಯ ಬೆಳಿಗ್ಗೆ ಸೆರೆಮನೆಗೆ ಹೋಗಿ, “ಅಪ್ಪಾ, ನಾ ಉತ್ತರ ಹೇಳ್ತೀನಿ” ಎಂದ.

“ಬ್ಯಾಡ ಮಗನ. ಮೂರನೇ ಒಗಟು ಏನಂತ ನನಗ ಗೊತ್ತೈತಿ. ಅದಕ್ಕ ಸುಳ್ಳು ಹೇಳಿದ್ರೂ ಹೋಗ್ತಿ, ಖರೇ ಹೇಳಿದ್ರೂ ಹೋಗ್ತಿ. ನಾ ಒಬ್ಬಾಂವ ಹೋದ್ರ ಸಾಕು.”

ಬದುಕಿ ಬರುವ ಭರವಸೆ ಮಗನಿಗೂ ಇರಲಿಲ್ಲ. ಆದರೂ ದೊರೆಯ ಸಭೆಗೆ ಹೋಗಿ ಮೊದಲ ಒಗಟು ಬಿಡಿಸಿದ.

“ಅದು ಅರ್ತ್ ಗುಂಡಿ, ದೊರೀ. ಕರೆಂಟು ನೆಲಕ್ಕ ಇಳೀಲಿ ಅಂತ ಹೂತ ಕಬ್ಬಿಣದ ಸಲಾಕಿ ಸುತ್ತ ಉಪ್ಪು, ಇದ್ದಿಲು ತುಂಬತೀವಿ. ಬ್ಯಾಸಿಗ್ಯಾಗ ಒಣಗಬಾರದಂತ ನೀರು ಹಾಕತೀವಿ.”

“ಹಸಿರು ಅಂಗಿಯ ಆಳು. ವರ್ಷಗಟ್ಟಲೆ ಕೆಲಸವಿಲ್ಲದೆ ನಿಂತಿರುತ್ತಾನೆ, ಆದರೂ ಅವನನ್ನು ಬಿಡಿಸಬಾರದು. ಯಾರು?” ದೊರೆ ಎರಡನೆಯದು ಕೇಳಿದ.

“ಪೆಟ್ಟಿಗಿಯಿಂದ ಆ ಗುಂಡಿಗೆ ಹೋಗೂ ಹಸಿರು ತಂತಿ ರೀ. ಒಳಗಿನ ತಂತಿ ಸುಲಿದು ಪೆಟ್ಟಿಗಿ ಮೈಗೆ ತಾಗಿದ ದಿನ ಕರೆಂಟನ್ನ ಅದು ನೆಲಕ್ಕ ಒಯ್ತೈತಿ. ಫ್ಯೂಸು ಹೋಗತೈತಿ, ಮನಿಶ್ಯಾ ಉಳೀತಾನ.”

ದೊರೆ ಮೂರನೆಯದು ಕೇಳಿದ. “ನನ್ನ ಮಗಳನ್ನು ಕೊಂದವರು ಯಾರು?”

ಗಾಳೆಪ್ಪ ಅಪ್ಪನನ್ನು ನೆನೆದ. “ಇಬ್ರು ರೀ. ಒಬ್ರು ನೀವು. ಇನ್ನೊಬ್ಬಾಂವ ನಮ್ಮಪ್ಪ.”

ಗಾಳೆಪ್ಪ ಮುಂದುವರಿಸಿದ.

“ಲೈನ್ ಕೂಡಿಸಿದ್ದು ಸೀಗಿ ಹುಣ್ಣಿಮಿ ದಿನ. ಭೂತಾಯಿ ಬಸುರಿ, ಇವತ್ತು ನೆಲಕ್ಕ ಕಬ್ಬಿಣ ತಾಗಿಸಬ್ಯಾಡ ಅಂದ್ರಿ. ಹಂಗಾರ ಲೈನೂ ನಾಳೆ ಕೂಡಸೂಣು ಅಂದ ನಮ್ಮಪ್ಪ. ಮುಹೂರ್ತ ತಪ್ಪತೈತಿ ಅಂದ್ರಿ. ಆಂವ ಅಂಜಿ, ಸಲಾಕಿನ್ನ ಮಲ್ಲಿಗಿ ಇದ್ದ ಪಿಂಗಾಣಿ ಕುಂಡದಾಗ ಚುಚ್ಚಿ ಹಸಿರು ತಂತಿ ಕಟ್ಟಿದ. ನಾಳೆ ನೆಲಕ್ಕ ನೆಡತೀನಿ ಅಂದಾಂವ ಮರತ. ಪೆಟ್ಟಿಗ್ಯಾಗ ತಂತಿ ಸುಲೀತು. ಕರೆಂಟು ಸಲಾಕಿತನಕ ಬಂತು, ಅದಕ್ಕ ನೆಲ ಸಿಗಲಿಲ್ಲ. ರಾಜಕುಮಾರಿ ಅವ್ವಾರು ನೀರು ಹಾಕೂವಾಗ ಸಲಾಕಿಗೆ ಕೈ ತಾಗಿತು, ಕಾಲು ಹಸಿ ನೆಲದ ಮ್ಯಾಲಿತ್ತು. ಅವ್ವಾರ ಮೈಯಾಗ ಹಾದು ನೆಲಕ್ಕ ಹೋತು.”

ಖಡ್ಗದವನು ಮುಂದೆ ಬಂದ. ದೊರೆ ಕೈಯೆತ್ತಿ ತಡೆದ.

“ಸರಿ ಉತ್ತರ. ಇದನ್ನು ಯಾರಾದರೂ ನನ್ನ ಮುಖಕ್ಕೇ ಹೇಳಲಿ ಎಂದು ಕಾಯುತ್ತಿದ್ದೆ. ಏನು ಬೇಕು, ಬೇಡು.”

“ನಮ್ಮಪ್ಪನ್ನ ಬಿಡ್ರಿ.”

ಬೇಡದಿದ್ದರೂ ಬಂಗಾರದ ಕಡಗ ಬಂತು. ಯಮನೂರಪ್ಪನ ಬೇಡಿ ಕಳಚಿದರು. ಆದರೆ ಅವನು ಮನೆಯ ಕಡೆ ತಿರುಗಲಿಲ್ಲ, ಹಾರೆ ಕೇಳಿದ. ಅಪ್ಪ ಮಗ ಅಂಗಳದಲ್ಲಿ ಆಳುದ್ದ ಗುಂಡಿ ತೋಡಿದರು. ಉಪ್ಪಿನ ಬುಟ್ಟಿಯನ್ನು ದೊರೆಯೇ ಹೊತ್ತು ತಂದ. ಯಮನೂರಪ್ಪ ಸಲಾಕೆ ನೆಟ್ಟು ಹಸಿರು ತಂತಿ ಕಟ್ಟಿದ.

ಇಂದಿಗೂ ಆ ಸೀಮೆಯವರು ಮೊದಲು ಗುಂಡಿ, ಆಮೇಲೆ ಲೈನು ಎನ್ನುತ್ತಾರೆ. ಮುಪ್ಪಿನವರೆಗೂ ಬೇಸಿಗೆಯಲ್ಲಿ ದೊರೆ ದಿನಾ ಒಂದು ಕೊಡ ನೀರು ತಂದು ಆ ಗುಂಡಿಗೆ ಸುರಿಯುತ್ತಿದ್ದನಂತೆ. ಸಲಾಕೆ ಕೊನೆಗೂ ಮಣ್ಣು ಸೇರಿತು. ರತ್ನಮಾಲೆ ಅದಕ್ಕೂ ಮೊದಲೇ ಸೇರಿದ್ದಳು.